ಸ್ತೋತ್ರ ಕಾಣಿಕೆಯ ಚೀಟಿ

ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಆಶ್ರಿತಾ ಬೆಳಿಗ್ಗೆಯೇ ಹುಡುಕಿ ತೆಗೆದು, ಆಫೀಸಿನ ಬ್ಯಾಗಿಗೆ ತುರುಕಿ, ಬ್ಯಾಗನ್ನು ಒಂದೇ ಕೈಯಲ್ಲಿ ಹೇಗೋ ಎತ್ತಿ ಕಪಾಟಿನ ಮೇಲಕ್ಕೆ ದೂಡಿಬಿಟ್ಟಿದ್ದಳು. ಮುರಿದ ಎಡ ಮಣಿಕಟ್ಟಿನ ಪ್ಲಾಸ್ಟರು ಬಿಚ್ಚಿ ನಾಲ್ಕು ದಿನವಾಗಿತ್ತು, ಈಗ ಬರೀ ಕ್ರೇಪ್ ಬ್ಯಾಂಡೇಜು. ಮೂವತ್ತೊಂದು ವರ್ಷದ ಹೆಂಗಸು ಮಾಡುವ ಕೆಲಸವೇ ಇದು? ಹೆಂಗಸು ಎಂಬ ಮಾತು ಬಂದೊಡನೆ, ಈ ಹದಿನೈದು ದಿನಗಳಿಂದ ಆಗುತ್ತಿದ್ದಂತೆ, ಅವಳ ಯೋಚನೆ ಅಲ್ಲೇ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೆಳಗೆ ನವರಂಗಪುರದ ರಸ್ತೆಯಲ್ಲಿ ಫಾಫ್ಡಾ ಕರಿಯುವ ತಿಂಡಿ ಅಂಗಡಿಯ ಮುಂದೆ ಭಾನುವಾರದ ಜನ ಗದ್ದಲ ಮಾಡುತ್ತಿದ್ದರು. ಊರಿನಿಂದ ಬಂದು ಎಂಟು ದಿನವಾಗಿದ್ದ ಅವ್ವ ಸ್ನಾನ ಮುಗಿಸಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಊಟದ ಮೇಜಿನ ಮೇಲೆ ಬಿಳಿ ಲಕೋಟೆಯೊಂದನ್ನು ಇಟ್ಟುಕೊಂಡು ಕೂತಿದ್ದಳು.

“ಪೆನ್ ಎಲ್ಲಿಟ್ಟೀ ಆಶೂ?”

“ಇಲ್ಲ ಅವ್ವಾ. ಎಲ್ಲಾ ಆಫೀಸಿನ್ಯಾಗ ಉಳದಾವು.”

“ಇಷ್ಟ್ ದೊಡ್ಡ ಅಹಮದಾಬಾದಿನ್ಯಾಗ ಒಂದ್ ಪೆನ್ ಇಲ್ಲಂದ್ರ! ಶಾಣ್ಯಾರ ಊರು ಬಿಡು,” ಎಂದು ನಕ್ಕು ಅವ್ವ ತನ್ನ ಕೈಚೀಲದ ಜಿಪ್ಪೆಳೆದು ನೀಲಿ ಪೆನ್ನೊಂದನ್ನು ತೆಗೆದಳು. ಮೂವತ್ತೈದು ವರ್ಷ ರಾಜಮ್ಮ ಸಿಸ್ಟರ್ ಎಂದು ಕರೆಸಿಕೊಂಡವಳು. ಪೆನ್ನಿಲ್ಲದ ನರ್ಸು ಯಾವ ಊರಲ್ಲಿದ್ದಾಳೆ? ಅಷ್ಟು ಬುದ್ಧಿ ತನಗೆ ಹೊಳೆಯಲಿಲ್ಲವಲ್ಲ ಎಂದು ಆಶ್ರಿತಾಗೆ ತನ್ನ ಮೇಲೇ ರೇಗಿತು.

ಅವ್ವ ಬರೆಯಲು ಹೊರಟದ್ದು ಸ್ತೋತ್ರ ಕಾಣಿಕೆಯ ಚೀಟಿ. ಅವರ ಸಭೆಗಳಲ್ಲಿ ಅದೊಂದು ಪದ್ಧತಿ. ಮಗನಿಗೆ ನೌಕರಿಯಾಯಿತು, ಮಗಳು ಪಾಸಾದಳು, ಜ್ವರ ಇಳಿಯಿತು ಎಂದು ಲಕೋಟೆಯಲ್ಲಿ ಕಾಣಿಕೆಯಿಟ್ಟು, ಹೆಸರು ಮತ್ತು ಕಾರಣ ಬರೆದ ಚೀಟಿಯನ್ನೂ ಇಡುತ್ತಾರೆ. ಆರಾಧನೆಯ ಕೊನೆಗೆ ಸಭೆಯ ಕಾರ್ಯದರ್ಶಿ ಒಂದೊಂದೇ ಚೀಟಿಯನ್ನು ಗಟ್ಟಿಯಾಗಿ ಓದುತ್ತಾನೆ, ಓದಿದ ಒಂದೊಂದಕ್ಕೂ ಜನರೆಲ್ಲ ಒಟ್ಟಾಗಿ “ದೇವರಿಗೆ ಸ್ತೋತ್ರ” ಎನ್ನುತ್ತಾರೆ. ಆಶ್ರಿತಾಗೆ ಆರು ವರ್ಷವಾಗಿದ್ದಾಗಿನಿಂದ ಅವ್ವ ಪ್ರತಿವರ್ಷ ಇದೇ ತಿಂಗಳ ಎರಡನೇ ಭಾನುವಾರ ಒಂದೇ ಕಾರಣ ಬರೆಯುತ್ತ ಬಂದಿದ್ದಳು: ಮಗಳ ಹರ್ನಿಯಾ ಆಪರೇಷನ್ ಸುಸೂತ್ರವಾಗಿ ನೆರವೇರಿಸಿದ್ದಕ್ಕಾಗಿ. ಊರಿನ ಸಭೆಯ ಮುದುಕ ಕಾರ್ಯದರ್ಶಿಯ ದನಿ ಸಣ್ಣದು. ಅವನು ಓದಿ ಮುಗಿಸಿದ ಮೇಲೆ ಅವ್ವ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, “ಇನ್ನೊಮ್ಮೆ ಓದ್ರಿ, ಹಿಂದಿನವ್ರಿಗೆ ಕೇಳಸಲಿಲ್ಲ,” ಎನ್ನುತ್ತಿದ್ದಳು. ಮುದುಕ ಕನ್ನಡಕ ಏರಿಸಿ ಮತ್ತೊಮ್ಮೆ ಹರ್ನಿಯಾ ಎನ್ನುತ್ತಿದ್ದ. ಗಂಡಸರ ಸಾಲಿನ ಕಡೆಯಿಂದ ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ಭಾನುವಾರ ಶಾಲೆಯಲ್ಲಿ ಅವಳ ಹೆಸರು ಆಶ್ರಿತಾ ಆಗಿರಲೇ ಇಲ್ಲ, ಹರ್ನಿಯಾ. ಏ ಹರ್ನಿಯಾ, ಸ್ಲೇಟು ಕೊಡ. ಅವಳು ಕೊಡುತ್ತಿದ್ದಳು. ಈಗ ಇಲ್ಲಿಯ ಕನ್ನಡ ಸಭೆಗೆ ಅವಳೇ ಕಾರ್ಯದರ್ಶಿ. ಇವತ್ತು ಸಂಜೆ ಆ ಚೀಟಿಯನ್ನು ಅವಳೇ ಓದಬೇಕು.

ಹೋದ ತಿಂಗಳು ಬಚ್ಚಲಿನ ಹೊರಗೆ, ಜಾರಿದ್ದೂ ಅಲ್ಲ ಎನ್ನುವಷ್ಟು ಸಣ್ಣದಾಗಿ ಜಾರಿ, ಮಣಿಕಟ್ಟು ಮುರಿದಿತ್ತು. ಇಷ್ಟಕ್ಕೆಲ್ಲ ಮುರಿಯಬಾರದು ಎಂದರು ಮೂಳೆಯ ಡಾಕ್ಟರು. ಎಪ್ಪತ್ತರ ಮುದುಕಿಯ ಮೂಳೆ ಇದ್ದಂತಿದೆ, ಯಾವುದಾದರೂ ಗುಳಿಗೆ ನಿಲ್ಲಿಸಿದ್ದೀರಾ? ನಿಲ್ಲಿಸಿದ್ದಳು. ಹದಿಮೂರನೇ ವಯಸ್ಸಿನಿಂದ ಅವ್ವ ರಕ್ತದ ಗುಳಿಗೆ ಎಂದು ನುಂಗಿಸುತ್ತಿದ್ದುದನ್ನು ಕೆಲಸಕ್ಕೆ ಸೇರಿದ ಮೇಲೆ ಬೇಸರ ಬಂದು ಬಿಟ್ಟಿದ್ದಳು. ಮುಟ್ಟು? ಆಗುವುದಿಲ್ಲ, ಹರ್ನಿಯಾ ಆಪರೇಷನ್ನಿನಿಂದ ಹಾಗಾಯಿತಂತೆ. ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ್ದರು. ಅಹಮದಾಬಾದಿನಲ್ಲಾದರೆ ಸಭೆಯ ಯಾರಾದರೂ ಕಂಡಾರು ಎಂದು ಅವಳು ರೈಲು ಹತ್ತಿ ವಡೋದರಾಕ್ಕೆ ಹೋಗಿ ಪರೀಕ್ಷೆಗಳನ್ನು ಮಾಡಿಸಿಕೊಂಡಳು. ಅಲ್ಲಿಯ ಡಾಕ್ಟರ್ ಪೂರ್ವಿಬೆನ್ ಒಳ್ಳೆಯ ಹೆಂಗಸು, ಕಾಗದದ ಮೇಲೆ ಚಿತ್ರ ಬರೆದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಗರ್ಭಕೋಶ ಹುಟ್ಟಿನಿಂದಲೇ ಇಲ್ಲ. ವರ್ಣತಂತುಗಳು ಗಂಡಸಿನವು. ಆದರೆ ಮೈ ಆ ಗಂಡಸುತನದ ಮಾತನ್ನು ಕೇಳಲಿಲ್ಲ, ತನ್ನ ಪಾಡಿಗೆ ಹುಡುಗಿಯಾಗಿ ಬೆಳೆಯಿತು. ಚಿಕ್ಕಂದಿನಲ್ಲಿ ಹರ್ನಿಯಾ ಎಂದು ಕೊಯ್ದಾಗ ಒಳಗೆ ಸಿಕ್ಕಿದ್ದು ಕರುಳಲ್ಲ, ವೃಷಣಗಳು. ಅವನ್ನು ತೆಗೆದಿದ್ದಾರೆ. ರಕ್ತದ್ದೆಂದು ನುಂಗಿದ್ದು ಹೆಣ್ಣಿನ ಹಾರ್ಮೋನಿನ ಗುಳಿಗೆ, ಅದನ್ನು ಬಿಟ್ಟದ್ದಕ್ಕೇ ಮೂಳೆ ಸವೆದದ್ದು. ನಿಮ್ಮಂಥವರು ಎಷ್ಟೋ ಜನ ಇದ್ದಾರೆ ಬೆನ್, ಹೆದರಬೇಡಿ. ಆಶ್ರಿತಾ ತಲೆಯಾಡಿಸಿ, ಫೀಸು ಕೊಟ್ಟು, ಸ್ಟೇಷನ್ನಿನಲ್ಲಿ ಮಸಾಲೆ ಮಜ್ಜಿಗೆ ಕುಡಿದು, ಕಿಟಕಿಯ ಪಕ್ಕ ಕೂತು ಬಂದಳು. ಅವಳ ಕೆಲಸವೆಂದರೆ ವಿಮಾ ಕಂಪನಿಯಲ್ಲಿ ಜನರ ಆಸ್ಪತ್ರೆ ಕಾಗದಗಳನ್ನು ಪರಿಶೀಲಿಸುವುದು. ಮೇಲಿನ ಸಾಲಿನಲ್ಲಿ ಒಂದು ಬರೆದು ಕೆಳಗಿನ ಸಾಲಿನಲ್ಲಿ ಇನ್ನೊಂದು ಬರೆದಿದ್ದರೆ ‘ತಾಳೆಯಿಲ್ಲ’ ಎಂದು ಗುರುತು ಹಾಕಿ ವಾಪಸು ಕಳಿಸಬೇಕು. ತನ್ನ ವರದಿಯನ್ನೂ ಅದೇ ಕಣ್ಣಿನಿಂದ ಓದಿದಳು. ಮೇಲೆ ಹೆಸರು, ಹೆಣ್ಣು. ಕೆಳಗೆ ಗಂಡಸಿನ ವರ್ಣತಂತುಗಳ ಎರಡಕ್ಷರ, ಎಕ್ಸ್ ವೈ. ವಾಪಸು ಕಳಿಸುವುದು ಯಾರಿಗೆ?

“ಅವ್ವಾ, ಹರ್ನಿಯಾ ಯಾವ ಕಡೆ ಇತ್ತು ನನಗ?”

ಬರೆಯುತ್ತಿದ್ದ ಕೈ ನಿಂತಿತು. “ಎರಡೂ ಕಡೆ. ಗಾಯದ ಗುರ್ತು ನೋಡಿಲ್ಲೇನ?” ಎಂದಳು ಅವ್ವ ತಲೆಯೆತ್ತದೆ. ಆಮೇಲೆ, ಏನೂ ಆಗಿಲ್ಲವೆಂಬಂತೆ, ಕಳೆದ ಭಾನುವಾರದ ವಿಷಯ ತೆಗೆದು ನಗತೊಡಗಿದಳು. ಕಳೆದ ವಾರ ಆಶ್ರಿತಾ, ಈ ವರದಿಯ ಗುಂಗಿನಲ್ಲಿ, ಕಳುವಾದ ಸ್ಕೂಟರ್ ಸಿಕ್ಕಿದ್ದಕ್ಕಾಗಿ ಎಂದು ಓದಬೇಕಾದಲ್ಲಿ ಸ್ಕೂಟರ್ ಕಳುವಾದದ್ದಕ್ಕಾಗಿ ಎಂದು ಓದಿಬಿಟ್ಟಿದ್ದಳು. ಸಭೆಯೆಲ್ಲ ಭಕ್ತಿಯಿಂದ ದೇವರಿಗೆ ಸ್ತೋತ್ರ ಎಂದಿತ್ತು. “ನಮ್ಮ ಮಂದಿ ಹಂಗ ನೋಡು. ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ. ಕಿವಿ ಎಲ್ಲೋ, ಬಾಯಿ ಎಲ್ಲೋ!” ಆಶ್ರಿತಾಗೂ ನಗು ಬಂತು, ಬಂದದ್ದು ಎತ್ತಿನ ಹತ್ತಿರ ತಡೆದು ನಿಂತಿತು. ಈದ ಎತ್ತಿಗೆ ಏನನ್ನಿಸಿರಬಹುದು? ಇಂಥ ಯೋಚನೆಗಳೇ ಈಗ. ಲಕೋಟೆಯ ಅಂಟಿಗೆ ಅವ್ವ ನಾಲಗೆ ತಾಗಿಸಿ, ಮುಚ್ಚಿ, ವೇದಪುಸ್ತಕದೊಳಗೆ ಇಟ್ಟಳು.

ಅವ್ವನ ಮೇಲೆ ಸಿಟ್ಟು ಬರಬೇಕು, ಬರುತ್ತಿಲ್ಲ, ಅದೇ ಅವಳಿಗೆ ಅರ್ಥವಾಗದ್ದು. ಬಂದ ಹಾಗೆ ಆಗುತ್ತದೆ. ಅಷ್ಟರಲ್ಲಿ ಅವ್ವ ಬ್ಯಾಂಡೇಜು ಸುತ್ತಲು ಕೈ ಹಿಡಿದುಕೊಳ್ಳುತ್ತಾಳೆ, ಸುತ್ತುವಾಗ ಬೆರಳುಗಳನ್ನು ಒಂದೊಂದಾಗಿ ಒತ್ತಿ ರಕ್ತ ಓಡಾಡುತ್ತಿದೆಯೇ ಎಂದು ನೋಡುತ್ತಾಳೆ, ಸಿಟ್ಟು ಎಲ್ಲಿಗೋ ಹೋಗುತ್ತದೆ. ದೇವರ ಮೇಲಾದರೂ ಬರಬಹುದಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ತಂದೆಯೇ ಎನ್ನುವವರೆಗೂ ಸರಿಯಾಗಿ ಹೋಗಿ, ನಿನ್ನ ಮಗಳಾದ ಎನ್ನುವಲ್ಲಿ ನಾಲಗೆ ತಡವರಿಸುತ್ತಿತ್ತು. ಆತನಿಗೆ ಮೊದಲಿನಿಂದಲೂ ಗೊತ್ತಿತ್ತಲ್ಲ? ಮೂವತ್ತೊಂದು ವರ್ಷ ಅವಳು ಮಗಳಾದ ಎಂದು ಹೇಳಿಕೊಳ್ಳುತ್ತಿದ್ದಾಗ ಆತ ತಿದ್ದಲಿಲ್ಲ. ಒಪ್ಪಿ ಸುಮ್ಮನಿದ್ದನೋ, ಅವ್ವನ ಹಾಗೆ ಹೇಳಲಾರದೆ ಸುಮ್ಮನಿದ್ದನೋ? ಮೂರು ಗಂಟೆಗೆ ಆಟೋ ಹತ್ತಿದಾಗಲೂ ಇದೇ. ಆಟೋದವನು ಕನ್ನಡಿಯಲ್ಲಿ ನೋಡಿ “ಕ್ಯಾಂ ಜವಾನು, ಬೆನ್?” ಎಂದು ಎಲ್ಲಿಗೆಂದು ಕೇಳಿದ. ಬೆನ್, ಅಂದರೆ ಅಕ್ಕ, ಎಂದದ್ದಕ್ಕೆ ಅವಳು ಕಳ್ಳಿಯಂತೆ ಓಢಣಿ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕದ್ದದ್ದಾದರೂ ಏನು? ಕದ್ದವರು ಬೇರೆ.

ಸಭೆಯ ಚಹಾ ತಿಂಡಿ ಜನಾರ್ದನರ ಉಡುಪಿ ಹೋಟೆಲಿನಿಂದ. ಆರಾಧನೆಗೆ ಮೊದಲು ಅಲ್ಲಿಗೆ ಹೋಗಿ ಎಷ್ಟು ಜನಕ್ಕೆಂದು ಹೇಳಿಬರುವುದು ಕಾರ್ಯದರ್ಶಿಯ ಕೆಲಸಗಳಲ್ಲೊಂದು. “ಬನ್ನಿ ಬನ್ನಿ, ಅಮ್ಮನನ್ನೂ ಕರಕೊಂಡು ಬಂದಿದ್ದೀರಲ್ಲ! ಕೈ ಹೇಗುಂಟು ಈಗ? ಕೂತ್ಕೊಳ್ಳಿ ಮಾರಾಯ್ರೆ, ಬನ್ಸ್ ಬಿಸಿ ಬಿಸಿ ಉಂಟು,” ಎಂದು ಜನಾರ್ದನ ಮೂಲೆಯ ಮೇಜು ತೋರಿಸಿದರು. ಮೂರೂವರೆಯ ಹೊತ್ತು, ಹೋಟೆಲು ಖಾಲಿ. ಅವ್ವ ಬನ್ಸನ್ನು ಎರಡು ಮಾಡಿ ದೊಡ್ಡ ಭಾಗವನ್ನು ಮಗಳ ತಟ್ಟೆಗೆ ಹಾಕಿದಳು. ಆಶ್ರಿತಾ ತಿನ್ನಲಿಲ್ಲ.

“ಆ ಚೀಟಿ ನಾ ಓದೂದಿಲ್ಲ ಅವ್ವಾ. ನನಗ ಗೊತ್ತಾಗೇತಿ. ವಡೋದರಾದಾಗ ಡಾಕ್ಟರ್ ಹೇಳಿದ್ರು.”

ಅವ್ವ ಸಾಂಬಾರಿನ ಬಟ್ಟಲನ್ನು ಅತ್ತಿತ್ತ ಸರಿಸಿದಳು. ಆಮೇಲೆ ಅವಳು ಮಾತಾಡಿದ್ದು ಮಗಳ ಜೊತೆಗೆ ಅನ್ನಿಸಲಿಲ್ಲ, ಪಾಳಿ ಮುಗಿಸಿ ಹೋಗುವಾಗ ಮುಂದಿನ ಪಾಳಿಯ ಸಿಸ್ಟರಿಗೆ ಹೇಳುವ ದನಿ ಅದು.

“ಅವತ್ತ್ ಡ್ಯೂಟಿ ನಂದ ಇತ್ತು. ಮಗಳ ಆಪರೇಷನ್, ಬ್ಯಾರೆ ಯಾರರ ಒಳಗ ನಿಂದರ್ಲಿ ಅಂದ್ರು, ನಾ ಕೇಳಲಿಲ್ಲ. ಕೊಯ್ದ ಮ್ಯಾಲೆ ಡಾಕ್ಟರು ನನ್ನ ಮಾರಿ ನೋಡಿದ್ರು. ಸಿಸ್ಟರ್, ಇವನ್ನ ಬಿಟ್ರ ಮುಂದ ಕ್ಯಾನ್ಸರ್ ಆಗಬಹುದು, ತೆಗದಬಿಡೂಣು, ಸಹಿ ಮಾಡ್ರಿ ಅಂದ್ರು. ಗ್ಲೌಸ್ ತಗದು ಸಹಿ ಮಾಡಿದೆ. ಟ್ರೇದಾಗ ಹಾಕಿದ್ರು. ಎರಡು. ಆಮ್ಯಾಲೆ ಆ ಟ್ರೇ ನಾನ ತೊಳದೆ.”

“ಅಪ್ಪಗ?”

“ಹರ್ನಿಯಾ ಅಂದೆ. ಸಾಯೂತನಕ ಹರ್ನಿಯಾ ಅಂತನ ತಿಳಕೊಂಡಿದ್ರು.”

“ಮತ್ತ ಪ್ರತಿ ವರ್ಷ ಚರ್ಚಿನ್ಯಾಗ ಎದ್ದು ನಿಂತು, ಇನ್ನೊಮ್ಮೆ ಓದ್ರಿ, ಇನ್ನೊಮ್ಮೆ ಓದ್ರಿ ಅಂತ…”

“ಹರ್ನಿಯಾ ಅನ್ನೂದು ಎಲ್ಲಾರ ಕಿವಿಗೂ ಬಿದ್ರ ಮತ್ತೇನೂ ಯಾರೂ ಕೇಳೂದಿಲ್ಲಲ್ಲ, ಅದಕ್ಕ.” ಅವ್ವನ ಕಣ್ಣಲ್ಲಿ ನೀರಿರಲಿಲ್ಲ. “ನಿನ್ನ ಎತ್ತಿ ಹಿಡದು, ನನ್ನ ಮಗಳು ಅಂತ ಸಭಾದ ಮುಂದ ಹೇಳಿ ದೀಕ್ಷಾಸ್ನಾನ ಮಾಡ್ಸಿದ್ದೆ. ಅಯ್ನೋರು ಪುಸ್ತಕದಾಗ ಬರದಿದ್ರು. ಆರು ವರ್ಷದ ಮ್ಯಾಲೆ ಹೋಗಿ ಏನಂತ ಹೇಳ್ಲಿ? ಯಾರ ಹಂತ್ಯಾಕ ಹೋಗ್ಲಿ?”

“ದೇವರ ಮುಂದ ಸುಳ್ಳ ಹೇಳ್ತಿದ್ಯಲ್ಲ, ಅವ್ವಾ.”

“ದೇವರಿಗೆ ನಾ ಯಾಕ ಸುಳ್ಳ ಹೇಳ್ಲಿ? ಮಾಡಿದಾವ ಅವನ, ಅವಂಗ ಗೊತ್ತಿಲ್ಲೇನ? ಸುಳ್ಳ ಹೇಳಿದ್ದು ಮಂದಿಗೆ. ಸ್ತೋತ್ರ ಖರೇನ ಹೇಳೀನಿ. ಅವತ್ತ ಅರವಳಿಕಿಯಿಂದ ನೀ ಎರಡು ತಾಸು ಎದ್ದಿರಲಿಲ್ಲ, ಗೊತ್ತೈತೇನ ನಿನಗ? ಎದ್ದಿ. ಅವ್ವಾ, ನೀರು ಅಂದಿ. ಅದಕ್ಕ ಪ್ರತಿ ವರ್ಷ ಹಾಕ್ತೀನಿ.” ಅಷ್ಟು ಹೇಳಿ ಅವ್ವ ಬನ್ಸಿನ ಚೂರನ್ನು ಬಾಯಿಗಿಟ್ಟುಕೊಂಡು, ನುಂಗಲಾಗದೆ, ನೀರು ಕುಡಿದಳು. “ಇವತ್ತ ಓದಲಿಲ್ಲಂದ್ರ ಮಂದಿ ಕೇಳ್ತಾರ ಆಶೂ. ರಾಜಮ್ಮನ ಲಕೋಟಿ ಯಾಕ ಬಿಟ್ಟಿ ಅಂತಾರ. ಒಂದ್ ಸಲ ಓದಿಬಿಡು. ನಾ ಇರೂತನಕ ಅಷ್ಟ.”

ಆಶ್ರಿತಾ ಕುರ್ಚಿ ಸರಿಸಿ ಎದ್ದಳು. ಓದಿದರೆ ಇಪ್ಪತ್ತೈದು ವರ್ಷದ ಆ ಸುಳ್ಳಿಗೆ ಈಗ ತನ್ನದೇ ಬಾಯಿ ಕೊಟ್ಟಂತೆ, ಅದೂ ದೇವರ ಎದುರು. ಓದದಿದ್ದರೆ ಪರ ಊರಿನಲ್ಲಿ, ಎಲ್ಲರ ಮುಂದೆ, ಅವ್ವನ ಮುಖ ಕೆಳಗಾಗುತ್ತದೆ. ಕೈ ತೊಳೆಯುವ ಬೇಸಿನ್ನಿನ ಕನ್ನಡಿಯಲ್ಲಿ ತನ್ನ ಮುಖ ನೋಡಿದಳು. ಅಪ್ಪನ ಮೂಗು, ಅಪ್ಪನ ಹುಬ್ಬು. ಜನ ಮೊದಲಿನಿಂದಲೂ ಹೇಳುತ್ತಿದ್ದುದೇ, ಈಗ ಅದರಲ್ಲೂ ಏನೋ ಇರಬಹುದೆಂದು ಹುಡುಕುವ ಹಾಗಾಗಿದೆಯಲ್ಲ. ಗಲ್ಲಾದ ಬಳಿ ಬಂದು, “ಒಂದು ಪೆನ್ನು ಇದೆಯಾ?” ಎಂದು ಕೇಳಿದಳು. ಜನಾರ್ದನ ಜೇಬಿನಿಂದ ತೆಗೆದುಕೊಟ್ಟು, “ಇಟ್ಕೊಳ್ಳಿ, ಅಡ್ಡಿಯಿಲ್ಲ,” ಎಂದರು. ಮನೆಯ ಪೆನ್ನುಗಳೆಲ್ಲ ಕಪಾಟಿನ ಮೇಲಿದ್ದವು. ಖಾಲಿ ಬಿಲ್ಲಿನ ಹಿಂಬದಿಯಲ್ಲಿ, ನಿಂತುಕೊಂಡೇ, ಅವಳು ನಾಲ್ಕು ಸಾಲು ಬರೆದು ಮಡಿಚಿ ತನ್ನ ಸತ್ಯವೇದದೊಳಗೆ ಇಟ್ಟಳು. ಏಕೆ ಬರೆದಳು, ಓದುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅವ್ವ ನೋಡಿದಳು, ಕೇಳಲಿಲ್ಲ.

ಸಭೆ ಸೇರುವುದು ಒಂದು ಶಾಲೆಯ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಊರಿನ ರೂಢಿಯಂತೆ ಎರಡು ಪಾಲು ಮಾಡಿ ಹಾಕುತ್ತಾರೆ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ನಡುವಿನ ದಾರಿಯ ಕೊನೆಗೆ, ಮೈಕಿನ ಪಕ್ಕ, ಕಾರ್ಯದರ್ಶಿಯದೊಂದು ಒಂಟಿ ಕುರ್ಚಿ. ಎರಡು ವರ್ಷದಿಂದ ಅವಳು ಅದರಲ್ಲೇ ಕೂರುತ್ತಿದ್ದಳು, ಇವತ್ತು ಮಾತ್ರ ಅದು ಅವಳಿಗಾಗಿಯೇ ಯಾರೋ ಎಣಿಸಿ ಹಾಕಿದಂತೆ ಕಂಡು ಕಾಲು ತಡೆಯಿತು. ಗೋಡೆಯ ಮೇಲೆ ಮಕ್ಕಳ ಪಾಠದ ಬಟ್ಟೆಯ ಹಲಗೆ ಇನ್ನೂ ಇತ್ತು. ಕಳೆದ ತಿಂಗಳು ಸೃಷ್ಟಿಯ ಪಾಠ ಮಾಡಿದವಳು ಅವಳೇ. ಕತ್ತರಿಸಿದ ಬಣ್ಣದ ಬಟ್ಟೆಯ ಗಂಡು, ಹೆಣ್ಣು, ಮರ, ಮೀನುಗಳನ್ನು ಒಂದೊಂದಾಗಿ ಅಂಟಿಸಿ ಮುಗಿದ ಮೇಲೆ ಡಬ್ಬಿಯಲ್ಲಿ ಯಾವ ಆಕಾರವೆಂದೂ ತಿಳಿಯದ ಒಂದು ತುಂಡು ಉಳಿದಿತ್ತು. ಇದು ಎಲ್ಲಿಗೆ ಎಂದು ಒಂದು ಮಗು ಗುಜರಾತಿಯಲ್ಲಿ ಕೇಳಿದಾಗ, ಮೋಡವಿರಬೇಕು ಎಂದು ಮೂಲೆಗೆ ಅಂಟಿಸಿದ್ದಳು. ಅದು ಈಗಲೂ ಅಲ್ಲೇ ಅಂಟಿಕೊಂಡಿತ್ತು. ಸಭಾಪಾಲಕರು ಪ್ರಸಂಗ ಮಾಡಿದರು. ಏನೆಂದರೋ ಅವಳಿಗೆ ತಿಳಿಯಲಿಲ್ಲ. ಹಜೀರಾದ ಕಾರ್ಖಾನೆಯಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು ಗಿಟಾರ್ ನುಡಿಸುವ ಪ್ರಜ್ವಲ್ ಮುಂದಿನ ಹಾಡಿಗೆ ತಂತಿ ಬಿಗಿಯುತ್ತಿದ್ದ. ಕಾಣಿಕೆಯ ಚೀಲ ಬಂದು ಅವಳ ಮಡಿಲಲ್ಲಿ ಕೂತಿತು.

ಎದ್ದು ಮೈಕಿನ ಮುಂದೆ ನಿಂತಳು. ಒಂದೇ ಕೈಯಿಂದ ಲಕೋಟೆ ಬಿಡಿಸುವುದು ನಿಧಾನದ ಕೆಲಸ, ಜನ ತಾಳ್ಮೆಯಿಂದಿದ್ದರು. ಮೇದಿನಿಯ ಹತ್ತನೇ ತರಗತಿಯ ಫಲಿತಾಂಶಕ್ಕಾಗಿ. ದೇವರಿಗೆ ಸ್ತೋತ್ರ. ಹೊಸ ಮನೆಗೆ ಬಾಡಿಗೆಗೆ ಬಂದದ್ದಕ್ಕಾಗಿ. ದೇವರಿಗೆ ಸ್ತೋತ್ರ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ಇದೊಂದನ್ನು ಮಾತ್ರ ದೊಡ್ಡವರಿಗಿಂತ ಮೊದಲೇ ಕೂಗುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದಕ್ಕಾಗಿ. ದೇವರಿಗೆ ಸ್ತೋತ್ರ. ಕೊನೆಗೆ ಉಳಿದದ್ದು ಅವ್ವನದು. ಹಲ್ಲಿನಿಂದ ಅಂಚು ಹರಿದು ಬಿಚ್ಚಿದಳು. ಅದೇ ದುಂಡು ಅಕ್ಷರ, ಅದೇ ಸಾಲು, ಹರ್ನಿಯಾ ಎಂಬಲ್ಲಿ ಶಾಯಿ ಸ್ವಲ್ಪ ದಪ್ಪ, ಬೆಳಿಗ್ಗೆ ಕೈ ನಿಂತದ್ದು ಅಲ್ಲಿ. ಅವ್ವ ಹೆಂಗಸರ ಎರಡನೇ ಸಾಲಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದಳು. “ರಾಜಮ್ಮ, ಮಗಳ…” ಎಂದು ಆಶ್ರಿತಾ ಶುರುಮಾಡಿದಳು. ಆ ಚೀಟಿಯನ್ನು ಕೆಳಗಿಟ್ಟು, ಸತ್ಯವೇದದೊಳಗಿಂದ ಹೋಟೆಲಿನ ಬಿಲ್ಲನ್ನು ತೆಗೆದು, ತಲೆಯೆತ್ತದೆ, ಊರಿನ ಆ ಮುದುಕ ಕಾರ್ಯದರ್ಶಿಗಿಂತಲೂ ಸಣ್ಣ ದನಿಯಲ್ಲಿ ಓದಿದಳು.

“ಆಶ್ರಿತಾ. ನನಗೆ ಆರು ವರ್ಷವಿದ್ದಾಗ ಮಾಡಿದ್ದು ಹರ್ನಿಯಾ ಆಪರೇಷನ್ ಅಲ್ಲ. ಹುಟ್ಟುವಾಗ ನನ್ನೊಳಗೆ ಇದ್ದ ಗಂಡಿನದನ್ನು ತೆಗೆದರು, ನನಗೆ ಹೇಳಲಿಲ್ಲ. ದೇವರು ನನ್ನನ್ನು ಏನಾಗಿ ಮಾಡಿದನೋ ನನಗೆ ತಿಳಿಯದು. ಹಾಗೆ ಮಾಡಿದ್ದಕ್ಕೆ ಸ್ತೋತ್ರ ಹೇಳಬೇಕೋ, ತೆಗೆದದ್ದಕ್ಕೆ ಹೇಳಬೇಕೋ, ಬದುಕಿದ್ದಕ್ಕೆ ಹೇಳಬೇಕೋ ಅದೂ ತಿಳಿಯದೆ ಈ ಕಾಣಿಕೆ.”

“ದೇವರಿಗೆ ಸ್ತೋತ್ರ,” ಎಂದಿತು ಸಭೆ.

ಮಕ್ಕಳು ಮೊದಲು, ಆಮೇಲೆ ಹೆಂಗಸರು, ಆಮೇಲೆ ಗಂಡಸರು, ಯಾವತ್ತಿನ ಹಾಗೆ. ಯಾರೋ ಕೆಮ್ಮಿದರು. ಕೊನೆಯ ಕೀರ್ತನೆಗಾಗಿ ಪುಟಗಳು ಸರಸರ ತಿರುಗಿದವು, ಪ್ರಜ್ವಲ್ ತಂತಿಯ ಮೇಲೆ ಬೆರಳಿಟ್ಟ. ಫ್ಯಾನುಗಳ ಸದ್ದು. ಆಶ್ರಿತಾಗೆ ಏನಾಯಿತೆಂದೇ ತಿಳಿಯಲಿಲ್ಲ. ಕೇಳಿಸಿತೇ ಇವರಿಗೆ? ಕೇಳಿಸಿಯೂ ಸ್ತೋತ್ರವೆಂದರೆ, ಸರಿ ಎಂದಂತೆಯೇ? ಸ್ಕೂಟರ್ ಕಳುವಾದದ್ದಕ್ಕೆ ಎಂದಂತೆ ಇದಕ್ಕೂ ಎಂದರೇ? ನಗಬೇಕೆನಿಸಿತು, ಅಲ್ಲೇ ನೆಲಕ್ಕೆ ಕುಸಿದು ಅಳಬೇಕೆನಿಸಿತು. ಮುಗಿಯಿತಲ್ಲ, ಯಾರಿಗೂ ಏನೂ ಆಗಲಿಲ್ಲವಲ್ಲ, ಅವ್ವನ ಮಾನವೂ ಉಳಿಯಿತಲ್ಲ ಎಂದು ಒಂದು ಕಡೆ ಎದೆ ಹಗುರಾಯಿತು. ಆ ಹಗುರಕ್ಕೇ ನಾಚಿಕೆಯಾಯಿತು. ಅವಳು ಬಿಲ್ಲನ್ನು ಮಡಿಚಿ ಪುಸ್ತಕದೊಳಗೆ ಇಡಲು ಹೋದಳು.

ಹೆಂಗಸರ ಎರಡನೇ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಅವ್ವ ಎದ್ದು ನಿಂತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಒಂದು ಕೈಯಿಂದ ಹಿಡಿದುಕೊಂಡು, ಇನ್ನೊಂದರಿಂದ ಸೆರಗು ಸರಿಪಡಿಸಿಕೊಂಡಳು. ಎರಡು ಕಡೆಯ ಮುಖಗಳೂ ಪುಸ್ತಕದಿಂದ ಮೇಲೆದ್ದು ಅವಳತ್ತ ತಿರುಗಿದವು. ಪ್ರಜ್ವಲ್ ಬೆರಳು ತೆಗೆದ.

“ಇನ್ನೊಮ್ಮೆ ಓದವ್ವಾ,” ಎಂದಳು. ಅವಳ ದನಿ ಹಾಲಿನ ಕೊನೆಯವರೆಗೆ ಹೋಯಿತು. “ಗಟ್ಟಿಯಾಗಿ ಓದು. ಹಿಂದಿನವ್ರಿಗೆ ಕೇಳಸಲಿಲ್ಲ.”

ಆಶ್ರಿತಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಮಡಿಕೆ ಬಿಚ್ಚಿದಳು.